ಮೂಲ ಫೈಲ್ ಕೇಳಿದಾಗ ಗೊತ್ತಾದದ್ದು: ಧಾರವಾಡದ ಒಂದು ವಿದ್ಯಾರ್ಥಿ ಫೋಟೋ ಪ್ರದರ್ಶನ

ಧಾರವಾಡದ ಒಂದು ಪದವಿ ಕಾಲೇಜು. ಅಲ್ಲಿನ ಪತ್ರಿಕೋದ್ಯಮ ವಿಭಾಗದವರು ಆಗಸ್ಟ್ 19ರಿಂದ ಮೂರು ದಿನ ವಿದ್ಯಾರ್ಥಿಗಳ ಫೋಟೋ ಪ್ರದರ್ಶನ ಇಟ್ಟುಕೊಂಡಿದ್ದರು. ಜಾಗ ಕಾಲೇಜಿನ ಹಳೇ ಸಭಾಂಗಣ. ದುಡ್ಡು ವಿಭಾಗದಿಂದ ಸ್ವಲ್ಪ, ಹಳೇ ವಿದ್ಯಾರ್ಥಿಗಳಿಂದ ಸ್ವಲ್ಪ. ಫೋಟೋ ಆರಿಸೋಕೆ ಹೊರಗಿನವರು ಇಬ್ಬರಿದ್ದರೆ ಒಳ್ಳೇದು ಅಂತ ನನ್ನನ್ನೂ ಊರಿನ ಒಬ್ಬ ಸ್ಟುಡಿಯೋ ಮಾಲೀಕರನ್ನೂ ಕರೆದಿದ್ದರು. ಅವರು ಮದುವೆ ಫೋಟೋ ತೆಗೆದೇ ಕೂದಲು ಹಣ್ಣಾದವರು. ಪ್ರಿಂಟು, ಬೋರ್ಡು, ತೂಗುಹಾಕೋದು ಎಲ್ಲ ಅವರಿಗೆ ಕರತಲಾಮಲಕ. ನಾನು ಪತ್ರಿಕೆಗಳಿಗೆ ಫೋಟೋ ಕೊಟ್ಟುಕೊಂಡು ಬಂದವನು. ಹೀಗೆ ನಮ್ಮಿಬ್ಬರ ಕಣ್ಣೂ ಬೇರೆ ಬೇರೆ. ಅದು ಒಳ್ಳೆಯದೇ ಆಯಿತು.

ಈ ಪ್ರದರ್ಶನ ಚೆನ್ನಾಗಿಯೇ ಆಯಿತು. ಜನ ಬಂದರು, ಪೇಪರಿನಲ್ಲೂ ಬಂತು. ಆದರೂ ಇದನ್ನು ವಿವರವಾಗಿ ಬರೆಯಲು ಕಾರಣ, ನಡುವೆ ಒಂದು ಫೋಟೋದಿಂದ ಎದ್ದ ತಕರಾರು. ಅದು ಶುರುವಾದದ್ದು ಗೋಡೆಯ ಮೇಲಲ್ಲ, ಅದಕ್ಕೂ ಎಷ್ಟೋ ಹಿಂದೆ. ಹಾಗಾಗಿ ಮೊದಲಿನಿಂದಲೇ ಹೇಳುತ್ತೇನೆ.

ತಾರೀಖು

ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. 1839ರಲ್ಲಿ ಅದೇ ದಿನ ಪ್ಯಾರಿಸ್ಸಿನಲ್ಲಿ, ಡಾಗೆರ್ ಅನ್ನುವವನು ಕಂಡುಹಿಡಿದ ಡಾಗೆರೋಟೈಪ್ ಎಂಬ ಫೋಟೋ ತೆಗೆಯುವ ವಿಧಾನವನ್ನು ಎಲ್ಲರ ಮುಂದೆ ಬಿಚ್ಚಿಟ್ಟರು. ಫ್ರೆಂಚ್ ಸರ್ಕಾರ ಅದರ ಹಕ್ಕು ಕೊಂಡುಕೊಂಡು ಜಗತ್ತಿಗೆ ಕೊಡುಗೆ ಅಂತ ಸಾರಿತು. ಚಂದದ ನೆಪವೇ. ಆದರೆ ಧಾರವಾಡದಲ್ಲಿ ಆಗಸ್ಟ್ ಅಂದರೆ ಜಿಟಿಜಿಟಿ ಮಳೆ, ಹಸಿ ಗೋಡೆ, ಒಣಗದ ಬಟ್ಟೆ. ಸಭಾಂಗಣದ ಗೋಡೆಗೆ ಕೈ ಇಟ್ಟರೆ ಸುಣ್ಣ ಕೈಗೆ ಬರುತ್ತಿತ್ತು. ಅಂಥ ಗೋಡೆಗೆ ಡಬಲ್ ಸೈಡ್ ಟೇಪ್ ಹಚ್ಚಿದರೆ ಟೇಪು ಫೋಟೋಗೇ ಅಂಟಿಕೊಂಡಿರುತ್ತೆ, ಸುಣ್ಣದ ಪೊರೆ ಸಮೇತ ಕೆಳಗೆ ಬೀಳುತ್ತೆ. ಪ್ಯಾರಿಸ್ಸಿನ ತಾರೀಖಿಗೆ ನಮ್ಮೂರ ಮಳೆಗಾಲ ಹೊಂದುವುದಿಲ್ಲ. ಡಿಸೆಂಬರಿನಲ್ಲೋ ಜನವರಿಯಲ್ಲೋ ಮಾಡಿದರೆ ಯಾವ ಡಾಗೆರ್ ಬಂದು ಕೇಳುತ್ತಿದ್ದ?

ಆದರೆ ಮಳೆಯಿಂದ ಒಂದು ಲಾಭವೂ ಆಯಿತು. ಅದಕ್ಕೆ ವಿಷಯದ ಕಥೆ ಹೇಳಬೇಕು.

‘ಬದುಕು’ ಅಂದರೆ ಏನು ಬೇಕಾದರೂ

ಜೂನ್‌ನಲ್ಲಿ ನೋಟಿಸ್ ಬೋರ್ಡಿಗೆ ಹಾಕಿದ ವಿಷಯ ‘ಬದುಕು’. ಇದಕ್ಕಿಂತ ಅಗಲವಾದ ವಿಷಯ ಹುಡುಕಿದರೂ ಸಿಗಲಿಕ್ಕಿಲ್ಲ. ಬಂದ ಫೋಟೋಗಳು ಮುನ್ನೂರರ ಮೇಲಿದ್ದವು. ಅದರಲ್ಲಿ ಸೂರ್ಯಾಸ್ತ ಎಷ್ಟು ಅಂತೀರಿ! ಸಾಧನಕೇರಿಯ ಸೂರ್ಯಾಸ್ತ, ಉಣಕಲ್ ಕೆರೆಯ ಸೂರ್ಯಾಸ್ತ, ಹಾಸ್ಟೆಲ್ ಟೆರೇಸಿನ ಸೂರ್ಯಾಸ್ತ. ಆಮೇಲೆ ಹೂವು, ನಾಯಿಮರಿ, ಗೋಪುರ, ರೈಲ್ವೆ ಹಳಿ. ಒಂದೊಂದೂ ಕೆಟ್ಟದಲ್ಲ. ಆದರೆ ಒಂದರ ಪಕ್ಕ ಒಂದನ್ನು ಇಟ್ಟರೆ ಮೊಬೈಲ್ ಗ್ಯಾಲರಿ ತೆರೆದಂತೆ, ಪ್ರದರ್ಶನ ಅನ್ನಿಸುವುದೇ ಇಲ್ಲ.

ಸ್ಟುಡಿಯೋದವರು ಒಂದು ಕೆಲಸ ಮಾಡಿದರು. ಎಲ್ಲವನ್ನೂ ಪಾಸ್‌ಪೋರ್ಟ್ ಫೋಟೋಗಿಂತ ಸ್ವಲ್ಪ ದೊಡ್ಡದಾಗಿ, ಒಂದು ಹಾಳೆಗೆ ಹತ್ತಿಪ್ಪತ್ತರಂತೆ ಪ್ರಿಂಟ್ ಮಾಡಿ, ಕತ್ತರಿಸಿ, ವಿಭಾಗದ ದೊಡ್ಡ ಟೇಬಲ್ ಮೇಲೆ ಹರಡಿದರು. ಮೊಬೈಲಿನಲ್ಲಿ ಒಂದಾದ ಮೇಲೊಂದು ತಳ್ಳುತ್ತಾ ಹೋದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತೆ. ಟೇಬಲ್ ಮೇಲೆ ಒಟ್ಟಿಗೆ ಬಿದ್ದಾಗ ಹಾಗಲ್ಲ. ಕಣ್ಣು ತಾನಾಗಿಯೇ ಕೆಲವು ಕಡೆ ನಿಲ್ಲುತ್ತೆ. ಹಾಗೆ ನಿಂತ ಕಡೆಯಲ್ಲೆಲ್ಲ ಮಳೆ ಇತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾರುವವರು ಅವುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಕಿಟಕಿಗೆ ಹತ್ತಿದ ಹನಿಗಳ ಆಚೆ ಮಸುಕಾದ ಹುಬ್ಬಳ್ಳಿ ರಸ್ತೆ. ಪಂಚಮಿ ಜೋಕಾಲಿ ಹಗ್ಗ ತೊಯ್ದು ಜೋತು ಬಿದ್ದದ್ದು. ಹಾಸ್ಟೆಲ್ ಕಾರಿಡಾರಿನಲ್ಲಿ ಸಾಲಾಗಿ ಒಣಹಾಕಿದ ಸಾಕ್ಸು. ಇದನ್ನು ನೋಡಿ ಎಲ್ಲರೂ ನಕ್ಕಿದ್ದೆವು, ಕೊನೆಗೆ ಅದೇ ಬಹಳ ಜನ ಮೆಚ್ಚಿದ ಫೋಟೋ ಆಯಿತು.

ಹಾಗಾಗಿ ‘ಬದುಕು’ ಹೋಗಿ ‘ಮಳೆಗಾಲದ ಧಾರವಾಡ’ ಬಂತು. ಸೂರ್ಯಾಸ್ತಗಳೆಲ್ಲ ಒಂದೇ ಏಟಿಗೆ ಹೊರಗೆ. ಕೆಲವು ವಿದ್ಯಾರ್ಥಿಗಳಿಗೆ ಸಿಟ್ಟು ಬಂತು. ಬರಬೇಕಾದ್ದೇ, ಮೊದಲು ಹೇಳಿದ ವಿಷಯವನ್ನು ಕೊನೆಗೆ ಬದಲಿಸಿದರೆ ಯಾರಿಗಾದರೂ ಬರುತ್ತೆ. ವಿಭಾಗದ ಮೇಡಂ ಅವರನ್ನೆಲ್ಲ ಕರೆದು ಟೇಬಲ್ ಸುತ್ತ ನಿಲ್ಲಿಸಿದರು. ‘ಹೊರಗೆ ಹೋದದ್ದರಲ್ಲಿ ಯಾವುದನ್ನು ಒಳಗೆ ತರ್ತೀರಿ? ಅದರ ಬದಲಿಗೆ ಒಳಗಿರೋ ಯಾವುದನ್ನ ತೆಗೀತೀರಿ?’ ಅಂತ ಕೇಳಿದರು. ಸೇರಿಸುವುದು ಸುಲಭ, ತೆಗೆಯುವುದು ಕಷ್ಟ ಅಂತ ಗೊತ್ತಾದದ್ದು ಆಗಲೇ. ಒಬ್ಬ ಹುಡುಗ ಅರ್ಧ ಗಂಟೆ ಯೋಚಿಸಿ ತನ್ನದೇ ಒಂದು ಫೋಟೋ ತೆಗೆದು ಗೆಳೆಯನದನ್ನು ಇಟ್ಟ. ಕೊನೆಗೆ ಉಳಿದವು ನಲವತ್ತರ ಆಸುಪಾಸು. ನನ್ನ ಕೇಳಿದರೆ ಅದೂ ಜಾಸ್ತಿಯೇ. ಮೂವತ್ತು ಸಾಕಿತ್ತು.

ವಾಟ್ಸಾಪ್ ಫೋಟೋ, 12x18 ಪ್ರಿಂಟ್

ಬಂದ ಫೋಟೋಗಳಲ್ಲಿ ಹೆಚ್ಚಿನವು ವಾಟ್ಸಾಪ್ ಮೂಲಕ ಬಂದಿದ್ದವು. ವಾಟ್ಸಾಪ್ ಸಾಮಾನ್ಯವಾಗಿ ಫೋಟೋ ಕಳಿಸುವಾಗ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ (ಫೋಟೋ ಕಟ್ಟುವ ಸಣ್ಣ ಸಣ್ಣ ಚುಕ್ಕಿಗಳು) ಇಳಿಸಿಬಿಡುತ್ತೆ. ಅದನ್ನು 12x18 ಇಂಚಿನ ಪ್ರಿಂಟಿಗೆ, ಅಂದರೆ ಉದ್ದಕ್ಕೆ 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 90 ಪಿಕ್ಸೆಲ್ಲೂ ಉಳಿಯುವುದಿಲ್ಲ. ಹತ್ತಿರದಿಂದ ನೋಡಿದರೆ ಮುಖವೆಲ್ಲ ಚೌಕಚೌಕ. ಒಂದು ಪ್ರಿಂಟ್ ಪರವಾಗಿಲ್ಲ ಅನ್ನಿಸಲು ಇಂಚಿಗೆ 150 ಆದರೂ ಬೇಕು, ಅಂದರೆ 12x18ಕ್ಕೆ 1800x2700. ಇವತ್ತಿನ ಸಾಧಾರಣ ಮೊಬೈಲಿನ ಮೂಲ ಫೈಲಿನಲ್ಲಿ ಇದಕ್ಕಿಂತ ಜಾಸ್ತಿಯೇ ಇರುತ್ತೆ. ಕಳಿಸುವಾಗ ‘ಡಾಕ್ಯುಮೆಂಟ್’ ಅಂತ ಕಳಿಸಿದರೆ ಹಾಗೇ ಬರುತ್ತೆ. ಇಲ್ಲಾಂದ್ರೆ ಡ್ರೈವ್‌ಗೆ ಹಾಕಿ ಲಿಂಕ್ ಕೊಡಬಹುದು. ಇಷ್ಟು ಹೇಳಿದ ಮೇಲೂ ಕೆಲವರ ಹತ್ತಿರ ಮೂಲವೇ ಇರಲಿಲ್ಲ. ಫೋನ್ ತುಂಬಿತ್ತು ಅಂತ ಡಿಲೀಟ್ ಮಾಡಿದ್ದರು. ಅಂಥವನ್ನು ಸಣ್ಣದಾಗಿ, 6x9ರಲ್ಲಿ ಪ್ರಿಂಟ್ ಮಾಡಿ ಒಂದು ಗುಂಪಾಗಿ ಹಾಕಿದೆವು. ಅದು ಚೆನ್ನಾಗಿಯೇ ಕಂಡಿತು. ಎಲ್ಲವೂ ಒಂದೇ ಅಳತೆ ಇರಬೇಕು ಅನ್ನೋ ಹಟ ಯಾಕೋ ಗೊತ್ತಿಲ್ಲ.

ಇನ್ನೊಂದು ಲೆಕ್ಕ ಅಂಚಿನದು. ಮೊಬೈಲ್ ಫೋಟೋದ ಉದ್ದ-ಅಗಲದ ಅನುಪಾತ ಸಾಮಾನ್ಯವಾಗಿ 4:3. 12x18 ಕಾಗದ 3:2. ಹಾಗೇ ಲ್ಯಾಬಿಗೆ ಕೊಟ್ಟರೆ ಅವರು ಮೇಲೋ ಕೆಳಗೋ ಒಂದೂವರೆ ಇಂಚು ಕತ್ತರಿಸುತ್ತಾರೆ. ಯಾರ ತಲೆ ಹೋಗುತ್ತೆ, ಯಾರ ಕಾಲು ಹೋಗುತ್ತೆ ಅವರಿಗೇನು ಗೊತ್ತು? ಮೊಬೈಲ್ ಫೋಟೋಗಳಿಗೆ 12x16 ಕೇಳಿದರೆ ಮುಗಿಯಿತು. ಹೊಳೆಯುವ ಕಾಗದ ಬೇಡ, ಮ್ಯಾಟ್ ಇರಲಿ ಅಂತ ಸ್ಟುಡಿಯೋದವರು ಮೊದಲೇ ಹೇಳಿದ್ದರು. ಸಭಾಂಗಣದಲ್ಲಿ ಟ್ಯೂಬ್‌ಲೈಟ್ ಬಿಟ್ಟರೆ ಬೇರೆ ದೀಪ ಇರಲಿಲ್ಲ, ಹೊಳಪಿನ ಕಾಗದದಲ್ಲಿ ಫೋಟೋಗಿಂತ ಟ್ಯೂಬೇ ಚೆನ್ನಾಗಿ ಕಾಣುತ್ತೆ. ಮೊಬೈಲ್ ಪರದೆಯ ಬೆಳಕಿನಲ್ಲಿ ಮಿಂಚುವ ಮಳೆಗಾಲದ ಫೋಟೋ ಕಾಗದಕ್ಕೆ ಬಂದಾಗ ಕಪ್ಪಿಡುತ್ತೆ ಅನ್ನೋದೂ ಅವರೇ ಹೇಳಿದ್ದು. ಮೊದಲು 4x6ರಲ್ಲಿ ಒಂದು ಸುತ್ತು ತೆಗೆಸಿ, ಅದೇ ಸಭಾಂಗಣದಲ್ಲಿ ಹಿಡಿದು ನೋಡಿ, ಬೇಕಾದದ್ದಕ್ಕೆ ಸ್ವಲ್ಪ ಬೆಳಕು ಏರಿಸಿ, ಆಮೇಲೆ ದೊಡ್ಡದು ಮಾಡಿಸಿದರು.

ಅಕ್ಷರಗಳ ತಾಪತ್ರಯ ಬೇರೆ. ವಿದ್ಯಾರ್ಥಿಗಳು ಅಡಿಬರಹವನ್ನು ಮೊಬೈಲಿನಲ್ಲಿ, ಈಗ ಎಲ್ಲ ಫೋನುಗಳೂ ಬಳಸುವ ಯೂನಿಕೋಡ್ ಅಕ್ಷರಗಳಲ್ಲಿ ಟೈಪ್ ಮಾಡಿದ್ದರು. ಪ್ರಿಂಟಿನ ಅಂಗಡಿಯಲ್ಲಿ ಎಲ್ಲ ಹಳೇ ನುಡಿ ಫಾಂಟು, ಹಳೇ ಸಾಫ್ಟ್‌ವೇರು. ಅಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂತಿದ್ದವು. ‘ಮಣ್ಣೆತ್ತು’ ಓದುವ ಹಾಗೇ ಇರಲಿಲ್ಲ. ಅಂಗಡಿಯ ಹುಡುಗ ಮತ್ತೆ ಟೈಪ್ ಮಾಡುತ್ತೇನೆ ಅಂದ. ನಲವತ್ತು ಅಡಿಬರಹ ಮತ್ತೊಬ್ಬರು ಟೈಪ್ ಮಾಡಿದರೆ ತಪ್ಪು ಗ್ಯಾರಂಟಿ. ಪಿಡಿಎಫ್ ಮಾಡಿ ಕೊಟ್ಟ ಮೇಲೆ ಸರಿಹೋಯಿತು.

ದೋರಿ, ತಂತಿ, ಪೆಂಡಾಲಿನ ಪೈಪು

ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಟೇಪು ನಿಲ್ಲುವುದಿಲ್ಲ. ಪೆಂಡಾಲಿನವರಿಂದ ಕಬ್ಬಿಣದ ಪೈಪಿನ ಚೌಕಟ್ಟು ಬಾಡಿಗೆಗೆ ತಂದು, ಗೋಡೆಯಿಂದ ಒಂದು ಅಡಿ ಮುಂದೆ ನಿಲ್ಲಿಸಿ, ಫೋಟೋಗಳನ್ನು ಸನ್‌ಬೋರ್ಡಿಗೆ (ಹಗುರವಾದ ಫೋಮ್ ಹಲಗೆ) ಅಂಟಿಸಿ ತೂಗುಹಾಕಿದರು. ಮೊದಲು ಕಟ್ಟಿದ್ದು ನೈಲಾನ್ ಹಗ್ಗ. ಭಾರಕ್ಕೆ ನಡುವೆ ಜೋತು ಬಿದ್ದು ಇಡೀ ಸಾಲೇ ನಕ್ಕಂತೆ ಕಾಣುತ್ತಿತ್ತು. ಆಮೇಲೆ ಬೈಂಡಿಂಗ್ ವೈರ್ ಬಿಗಿದರು. ಫೋಟೋದ ನಡುಮಧ್ಯ ನೆಲದಿಂದ ಹೆಚ್ಚುಕಡಿಮೆ ಐದು ಅಡಿ ಇರಬೇಕು, 57ರಿಂದ 60 ಇಂಚು. ಗ್ಯಾಲರಿಗಳಲ್ಲಿ ಹೆಚ್ಚಾಗಿ ಇದೇ ಅಳತೆ. ಮೇಲಂಚು ಸಾಲಾಗಿದ್ದರೆ ಸಾಲದು. ಸಣ್ಣದು ದೊಡ್ಡದು ಬೆರೆತಾಗ ಮಧ್ಯ ಒಂದೇ ಗೆರೆಯಲ್ಲಿ ಬರಬೇಕು. ಕಾಲೇಜಿನ ಕಟ್ಟಡ ರಿಪೇರಿಗೆ ಬಂದಿದ್ದ ಗೌಂಡಿಯೊಬ್ಬರು ಇದನ್ನು ನೋಡಿ, ‘ದೋರಿ ಹಿಡೀರಿ, ಕಣ್ಣಳತಿ ನಂಬಬ್ಯಾಡ್ರಿ’ ಅಂತ ತಮ್ಮ ದಾರವನ್ನೇ ಕೊಟ್ಟರು. ಸಾಯಂಕಾಲಕ್ಕೆ ಕೆಲಸ ಮುಗಿಯಿತು.

ಉದ್ಘಾಟನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ವಾಗತ, ಪ್ರಾರ್ಥನೆ, ಶಾಲು, ಹಾರ, ಭಾಷಣ ಎಲ್ಲ ಆಯಿತು. ಅದೇ ಸಭಾಂಗಣದಲ್ಲಿ ಕುರ್ಚಿ ಹಾಕಿದ್ದರಿಂದ ಬಂದವರೆಲ್ಲ ಫೋಟೋಗಳಿಗೆ ಬೆನ್ನು ಮಾಡಿ ಕೂತಿದ್ದರು. ಭಾಷಣ ಮುಗಿಯುವ ಹೊತ್ತಿಗೆ ಊಟದ ಸಮಯ, ಅತಿಥಿಗಳು ಫೋಟೋಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಟರು. ಮರುದಿನ ಬೆಳಿಗ್ಗೆ ಕುರ್ಚಿ ತೆಗೆದ ಮೇಲೆಯೇ ನಿಜವಾದ ಪ್ರದರ್ಶನ ಶುರುವಾಯಿತು ಅನ್ನಬೇಕು.

‘ಬಡತನದ ಗೆರೆಗಳು’

ಮೂರನೇ ಸಾಲಿನಲ್ಲಿ ಒಂದು ಕಪ್ಪು-ಬಿಳುಪು ಫೋಟೋ ಇತ್ತು. ಸುಭಾಷ್ ರಸ್ತೆಯ ಮಾರ್ಕೆಟ್ಟಿನಲ್ಲಿ ಪಲ್ಲೆ ಮಾರುವ ಹೆಂಗಸು. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಅಂಚಿನಿಂದ ನೀರು ಇಳಿಯುತ್ತಿದೆ. ಮುಖದ ಸುಕ್ಕು ಒಂದೊಂದೂ ಎದ್ದು ಕಾಣುತ್ತಿದೆ. ಫೋಟೋ ನಿಜಕ್ಕೂ ಬಲವಾಗಿತ್ತು, ಆಯ್ಕೆಯಲ್ಲಿ ಯಾರೂ ಎರಡು ಮಾತಾಡಲಿಲ್ಲ. ತೆಗೆದವನು ಅಂತಿಮ ಬಿಎ ಹುಡುಗ. ಕೆಳಗೆ ಅವನು ಕೊಟ್ಟ ಅಡಿಬರಹ: ‘ಬಡತನದ ಗೆರೆಗಳು’.

ಆ ಹೆಂಗಸಿನ ಮಗಳು ಅದೇ ಕಾಲೇಜಿನಲ್ಲಿ ಮೊದಲ ವರ್ಷದ ಬಿಕಾಂ ಓದುತ್ತಿದ್ದಾಳೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅವಳು ಮೊದಲ ದಿನವೇ ಗೆಳತಿಯರ ಜೊತೆ ಬಂದವಳು ಆ ಫೋಟೋ ಮುಂದೆ ನಿಂತಳು, ಏನೂ ಮಾತಾಡದೆ ಹೊರಗೆ ಹೋದಳು. ಗೆಳತಿಯೊಬ್ಬಳು ಸಾಯಂಕಾಲ ವಿಭಾಗಕ್ಕೆ ಬಂದು ಹೇಳಿದಾಗಲೇ ವಿಷಯ ತಿಳಿದದ್ದು.

ಆ ರಾತ್ರಿ ನಡೆದ ಚರ್ಚೆಯಲ್ಲಿ ಎರಡು ಗುಂಪು. ರಾತ್ರಿಯೇ ತೆಗೆದುಬಿಡೋಣ, ಬೆಳಿಗ್ಗೆ ಯಾರೂ ಕೇಳುವುದಿಲ್ಲ ಅಂತ ಒಂದು ಗುಂಪು. ರಸ್ತೆಯಲ್ಲಿ ತೆಗೆದ ಫೋಟೋ, ಕಾನೂನಿನಲ್ಲಿ ತಪ್ಪೇನಿಲ್ಲ, ಕಾಪಿರೈಟೂ ತೆಗೆದವನದೇ, ಇರಲಿ ಅಂತ ಇನ್ನೊಂದು ಗುಂಪು. ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋ ತೆಗೆದವನೇ ಅದರ ಕರ್ತೃ, ಅದು ಸರಿ. ಆದರೆ ಫೋಟೋ ಯಾರದು ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕರೆ ಮುಖ ಯಾರದು ಅನ್ನುವುದಕ್ಕೆ ಸಿಕ್ಕ ಹಾಗಲ್ಲ. ಗುಟ್ಟಾಗಿ ತೆಗೆಯುವುದೂ ನನಗೆ ಸರಿ ಅನ್ನಿಸಲಿಲ್ಲ. ಹಾಗೆ ಮಾಡಿದ್ದರೆ ಆ ಹುಡುಗಿ ಮರುದಿನ ಬಂದು ಖಾಲಿ ಜಾಗ ನೋಡಬೇಕಿತ್ತು. ಅವರಮ್ಮನ ಫೋಟೋ ನಾಚಿಕೆಯ ವಸ್ತು ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತಿತ್ತು.

ಮೇಡಂ ಅವರದೇ ಒಳ್ಳೆಯ ದಾರಿ. ಅಡಿಬರಹದ ಚೀಟಿ ಮಾತ್ರ ಆಗಲೇ ಕಿತ್ತುಹಾಕಿಸಿದರು. ಬೆಳಿಗ್ಗೆ ಮಗಳನ್ನು ಕರೆದು ಕೇಳಿದರು. ‘ನಮ್ಮವ್ವನ್ನ ಕೇಳ್ರಿ ಮೇಡಂ, ನನ್ನ ಯಾಕ ಕೇಳ್ತೀರಿ’ ಅಂದಳು ಅವಳು. ಮೇಡಮ್ಮೂ ಫೋಟೋ ತೆಗೆದ ಹುಡುಗನೂ ಮಾರ್ಕೆಟ್ಟಿಗೆ ಹೋಗಿ ಕೇಳಿಕೊಂಡರು. ಮಧ್ಯಾಹ್ನ ಪಲ್ಲೆ ಮುಗಿದ ಮೇಲೆ ಆ ತಾಯಿ ಬಂದರು.

ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹುಡುಗನ ಕಡೆ ತಿರುಗಿ, ‘ಫೋಟೋ ಛಲೋ ಬಂದೈತಿ ತಮ್ಮಾ. ಆದ್ರ ನಾ ಬಡವಿ ಅಂತ ನಿನಗ್ಯಾರು ಹೇಳಿದ್ರು? ನನ್ನ ಮಗಳ ಫೀ ನಾನ ಕಟ್ಟೀನಿ’ ಅಂದರು. ಸಿಟ್ಟಿನಿಂದ ಅಂದದ್ದಲ್ಲ, ಲೆಕ್ಕ ಹೇಳಿದ ಹಾಗೆ ಅಂದರು. ಹುಡುಗ ತಲೆ ತಗ್ಗಿಸಿದ. ಅವರು ಮತ್ತೆ ಫೋಟೋ ನೋಡಿ ಇನ್ನೊಂದು ಪ್ರಶ್ನೆ ಕೇಳಿದರು. ‘ಬಣ್ಣ ಯಾಕ ತಗದಿ? ಆವತ್ತು ನಾ ಹಸರ ಇಲಕಲ್ ಸೀರಿ ಉಟ್ಟಿದ್ದೆ.’

ಆಗ ಸ್ಟುಡಿಯೋದವರು ಲ್ಯಾಪ್‌ಟಾಪ್ ತೆರೆದು ಮೂಲ ಫೈಲ್ ಹಾಕಿದರು. ಅದನ್ನು ನಾವ್ಯಾರೂ ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ. ಪಿಕ್ಸೆಲ್ ಎಷ್ಟಿದೆ ಅಂತ ನೋಡಲು ತರಿಸಿದ್ದು, ಅಷ್ಟು ನೋಡಿ ಮುಚ್ಚಿದ್ದು. ಪ್ರಿಂಟಿಗೆ ಹೋದದ್ದು ಹುಡುಗ ಕತ್ತರಿಸಿ ಕಪ್ಪು-ಬಿಳುಪು ಮಾಡಿ ಕೊಟ್ಟ ಫೈಲ್. ಮೂಲದಲ್ಲಿ ಹಸಿರು ಸೀರೆ, ಅದರ ಕೆಂಪು ಅಂಚು. ಎಡಗಡೆ ಪುಂಡಿಪಲ್ಲೆ, ರಾಜಗಿರಿ, ಮೆಂತ್ಯದ ರಾಶಿ. ಬಲಗಡೆ ತಕ್ಕಡಿ ಪಕ್ಕದಲ್ಲಿ ದುಡ್ಡು ಹಾಕಲು ಸ್ಕ್ಯಾನ್ ಮಾಡುವ ಬೋರ್ಡು, ನೀರು ಬೀಳದಂತೆ ಪ್ಲಾಸ್ಟಿಕ್ ಸುತ್ತಿಟ್ಟದ್ದು. ಹಿಂದೆ ಇನ್ನೊಬ್ಬ ಹೆಂಗಸು ಏನೋ ಚಾಷ್ಟಿ ಮಾಡಿ ನಗುತ್ತಿದ್ದಾಳೆ. ಈಕೆಯ ಮುಖದಲ್ಲಿ ನಮಗೆ ದುಃಖ ಅಂತ ಕಂಡದ್ದು ನಗು ತಡೆದುಕೊಂಡ ಮುಖ. ಸುಕ್ಕುಗಳು ಅದರಿಂದ.

ಹುಡುಗನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಯಾಕೆ ಕತ್ತರಿಸಿದೆ ಅಂತ ಕೇಳಿದರೆ, ‘ಸ್ಕ್ಯಾನ್ ಬೋರ್ಡು ಚಂದ ಕಾಣಲಿಲ್ಲ ಸರ್, ಬಣ್ಣ ಬಿಟ್ಟರೆ ಸೀರಿಯಸ್ ಅನ್ನಿಸುತ್ತೆ’ ಅಂದ. ಇದು ಅವನೊಬ್ಬನ ಮಾತಲ್ಲ. ವಯಸ್ಸಾದವರ ಮುಖ, ಕಪ್ಪು-ಬಿಳುಪು, ಗಾಢ ನೆರಳು, ಕೆಳಗೊಂದು ನಿಟ್ಟುಸಿರಿನ ಸಾಲು. ಇಂಥದ್ದಕ್ಕೆ ಸ್ಪರ್ಧೆಗಳಲ್ಲಿ ಬಹುಮಾನ ಬರುತ್ತೆ, ಮಕ್ಕಳು ಅದನ್ನೇ ಕಲಿಯುತ್ತಾರೆ. ನಮ್ಮದೇ ಮೈಸೂರಿನ ಟಿ.ಎಸ್. ಸತ್ಯನ್ ಇಡೀ ಜೀವನ ಸಾಮಾನ್ಯ ಜನರ ಫೋಟೋ ತೆಗೆದವರು. ಮಕ್ಕಳನ್ನು ಕುರಿತ ಅವರ ಚಿತ್ರಗಳನ್ನು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕಿಟ್ಟಿತ್ತು. ಅವರದೂ ಎಷ್ಟೋ ಕಪ್ಪು-ಬಿಳುಪೇ. ಆದರೆ ಅಲ್ಲಿ ಕಾಣುವುದು ಮನುಷ್ಯರು. ಬಡತನ ಇದ್ದರೆ ಅದೂ ಚೌಕಟ್ಟಿನೊಳಗೆ ತಾನಾಗಿ ಇರುತ್ತೆ, ಯಾರೂ ಚೀಟಿ ಅಂಟಿಸಿ ಹೇಳಬೇಕಾಗಿಲ್ಲ. ಮೇಡಂ ಮುಂದಿನ ವಾರ ತರಗತಿಯಲ್ಲಿ ಸತ್ಯನ್ ಅವರ ಚಿತ್ರಗಳನ್ನು ಹಾಕಿ ಇದನ್ನೇ ಮಾತಾಡಿಸಿದರಂತೆ. ಪ್ರದರ್ಶನಕ್ಕೆ ಮುಂಚೆ ಈ ತರಗತಿ ಆಗಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಆ ತಾಯಿ ಫೋಟೋ ಇರಲಿ ಅಂದರು, ಆದರೆ ಬಣ್ಣದ್ದು ಇರಲಿ ಅಂದರು. ಸ್ಟುಡಿಯೋದವರು ಅಂದೇ ಸಂಜೆ ಮೂಲ ಫೈಲಿನಿಂದ, ಕತ್ತರಿಸದೆ, ಹೊಸ ಪ್ರಿಂಟ್ ತಂದರು. ಅಡಿಬರಹವನ್ನು ತಾಯಿ, ಮಗಳು, ಹುಡುಗ ಮೂವರೂ ಕೂತು ಬರೆದರು: ‘ಸುಭಾಷ್ ರಸ್ತೆ, ಜುಲೈ, ಬೆಳಿಗ್ಗೆ ಎಂಟು ಗಂಟೆ. ಪುಂಡಿಪಲ್ಲೆ ಕಟ್ಟಿಗೆ ಹತ್ತು ರೂಪಾಯಿ.’ ಕಲೆಯ ದೃಷ್ಟಿಯಿಂದ ಮೊದಲಿನದೇ ಗಟ್ಟಿ ಅಂತ ಸ್ಟುಡಿಯೋದವರು ಈಗಲೂ ಹೇಳುತ್ತಾರೆ. ಒಂದರ್ಥದಲ್ಲಿ ಅವರು ಹೇಳುವುದು ಸುಳ್ಳಲ್ಲ. ಬಣ್ಣದ ಫೋಟೋದಲ್ಲಿ ಕಣ್ಣಿಗೆ ಸಿಗುವ ವಸ್ತು ಜಾಸ್ತಿ, ಮುಖ ಅಷ್ಟು ಹಿಡಿಯುವುದಿಲ್ಲ. ಆದರೆ ಮೂರನೇ ದಿನ ಮಾರ್ಕೆಟ್ಟಿನ ಅರ್ಧ ಸಾಲೇ ಅದನ್ನು ನೋಡಲು ಬಂತು. ಕಾಲೇಜಿನ ಗೇಟ್ ದಾಟಿ ಒಳಗೆ ಅವರಲ್ಲಿ ಬಹಳ ಜನ ಯಾವತ್ತೂ ಬಂದಿರಲಿಲ್ಲ. ಬಂದವರು ಬರೀ ಅದೊಂದನ್ನು ನೋಡಿ ಹೋಗಲಿಲ್ಲ. ಮಣ್ಣೆತ್ತಿನ ಫೋಟೋ ಮುಂದೆ ನಿಂತು, ಇದು ಯಾರ ಮನೆಯ ಕೈ ಅಂತ ಗುರುತಿಸಿದರು. ಎತ್ತಿನ ಕೋಡಿನ ಬಾಗು ನೋಡಿ ಮಾಡಿದವರ ಹೆಸರು ಹೇಳಿದರು. ಅಭಿಪ್ರಾಯ ಪುಸ್ತಕದಲ್ಲಿ ‘ಸೂಪರ್’, ‘ಅದ್ಭುತ’ ಅಂತ ತುಂಬಿದ್ದ ಪುಟಗಳಿಗಿಂತ ಆ ಒಂದು ಗಂಟೆಯ ಮಾತು ವಿದ್ಯಾರ್ಥಿಗಳಿಗೆ ಹೆಚ್ಚು ಉಪಯೋಗಕ್ಕೆ ಬಂತು.

ಆಮೇಲೆ ಬದಲಾದದ್ದು

ವಿಭಾಗದವರು ಈಗ ಫೋಟೋ ಜೊತೆಗೆ ಅರ್ಧ ಪುಟದ ಒಂದು ಫಾರ್ಮ್ ಕೇಳುತ್ತಾರೆ. ಎಲ್ಲಿ, ಯಾವಾಗ ತೆಗೆದದ್ದು. ಮುಖ ಗುರುತು ಸಿಗುವ ಹಾಗೆ ಯಾರಿದ್ದಾರೆ. ಅವರಿಗೆ ಹೇಳಿದ್ದೀರಾ. ಪ್ರಿಂಟನ್ನು ಅವರಿಗೆ ಹೇಗೆ ತಲುಪಿಸುತ್ತೀರಿ. ಮಕ್ಕಳ ಫೋಟೋ ಆದರೆ ಮನೆಯವರನ್ನು ಕೇಳಿರಬೇಕು. ಕತ್ತರಿಸಿದ ಫೈಲ್ ಜೊತೆ ಮೂಲವನ್ನೂ ಕೊಡಬೇಕು, ಆರಿಸುವವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಪಿಕ್ಸೆಲ್ ನೋಡಲು ತರಿಸುವ ಫೈಲನ್ನೇ ಇದಕ್ಕೂ ಬಳಸುವುದರಿಂದ ಕೆಲಸವೇನೂ ಹೆಚ್ಚಲಿಲ್ಲ. ಅಡಿಬರಹದಲ್ಲಿ ಏನು, ಎಲ್ಲಿ, ಯಾವಾಗ ಅನ್ನೋದು ಮೊದಲು ಬರಬೇಕು. ಭಾವನೆ ನೋಡುವವರಿಗೆ ಬಿಟ್ಟದ್ದು.

ಪ್ರದರ್ಶನ ಮುಗಿದ ಮೇಲೆ ಬೋರ್ಡುಗಳ ಗತಿ ಏನು ಅನ್ನೋದನ್ನು ಸಾಮಾನ್ಯವಾಗಿ ಯಾರೂ ಯೋಚಿಸುವುದಿಲ್ಲ. ಬೀರುವಿನ ಮೇಲೆ ಸೇರಿ, ಹಸಿಗೆ ಬಾಗಿ, ಮುಂದಿನ ವರ್ಷ ಕಸದ ಗಾಡಿಗೆ ಹೋಗುತ್ತವೆ. ಇಲ್ಲಿ ಫೋಟೋದಲ್ಲಿದ್ದವರಿಗೇ ಕೊಟ್ಟು ಬಂದರು. ಪಲ್ಲೆ ಮಾರುವವರ ಮನೆಗೆ ಬಣ್ಣದ್ದು ಹೋಯಿತು. ಕಪ್ಪು-ಬಿಳುಪಿನದನ್ನು ಮಗಳು ಕೇಳಿ ತೆಗೆದುಕೊಂಡಳಂತೆ.

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಮೊದಲೇ ಕೇಳಿ ತೆಗೆದರೆ ಜನ ಸೆಟೆದು ನಿಲ್ಲುತ್ತಾರೆ, ಸಹಜ ಫೋಟೋ ಬರುವುದಿಲ್ಲ ಅಂತ ವಿದ್ಯಾರ್ಥಿಗಳ ವಾದ. ಅದೂ ನಿಜವೇ. ಮೇಡಂ, ಕೇಳದೆ ಗೋಡೆಗೆ ಹಾಕುವ ಹಾಗಿಲ್ಲ ಅನ್ನುತ್ತಾರೆ. ತೆಗೆದ ಮೇಲೆ ಪರದೆ ತೋರಿಸಿ ಕೇಳಿ, ಆಮೇಲೆ ಒಂದು ಪ್ರಿಂಟ್ ಹಿಡಿದುಕೊಂಡು ಮತ್ತೊಮ್ಮೆ ಹೋಗಿ ಅನ್ನೋದು ನನ್ನ ಮಾತು. ಜಾತ್ರೆಯ ಗುಂಪಿನ ಫೋಟೋಗೆ ಏನು ಮಾಡೋದು ಅಂತ ಆ ಹುಡುಗ ಕೇಳಿದಾಗ ನಮ್ಮ ನಡುವೆ ಒಂದೇ ಉತ್ತರ ಇರಲಿಲ್ಲ. ಫಾರ್ಮಿನಲ್ಲಿ ಸದ್ಯಕ್ಕೆ ಆ ಜಾಗ ಖಾಲಿ ಬಿಟ್ಟು, ‘ಗುಂಪಿನ ಫೋಟೋ ಆದರೆ ವಿಭಾಗದಲ್ಲಿ ಬಂದು ಮಾತಾಡಿ’ ಅಂತ ಪೆನ್ನಿನಲ್ಲಿ ಬರೆದಿದ್ದಾರೆ.